ಬೆಳದಿಂಗಳಲ್ಲಿ ನೀಹಾರಿಕೆಯ ಫೋಟೋ ತೆಗೆಯಬಹುದಾ?

ಹುಣ್ಣಿಮೆಯ ಆಸುಪಾಸಿನಲ್ಲಿ ಫಿಲ್ಟರ್ ಹಾಕಿದರೆ ನೀಹಾರಿಕೆಯ (ಬಾಹ್ಯಾಕಾಶದ ಅನಿಲ, ದೂಳಿನ ಮೋಡದ) ಫೋಟೋ ಬರುತ್ತದಾ, ಕಲರ್ ಕ್ಯಾಮೆರಾಗೆ ಯಾವ ಫಿಲ್ಟರ್ ತಗೊಳ್ಳಲಿ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ. ಆದರೆ ಎಲ್ಲ ನೀಹಾರಿಕೆಗಳಿಗೂ ಈ ಮಾತು ಅನ್ವಯಿಸಲ್ಲ.

ಚಂದ್ರನಿಂದ ಬರುವುದು ಸೂರ್ಯನ ಬೆಳಕೇ ಅಲ್ವಾ? ಅದರಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ರೋಸೆಟ್‌ನಂಥ ನೀಹಾರಿಕೆಯಲ್ಲಿ ಹೈಡ್ರೋಜನ್ ಅನಿಲ ತಾನೇ ಹೊಳೆಯುತ್ತದೆ. ಆ ಹೊಳಪಿನ ದೊಡ್ಡ ಪಾಲು 656.3 ನ್ಯಾನೋಮೀಟರ್‌ನ ಒಂದೇ ಕೆಂಪು ಗೆರೆಯಲ್ಲಿ ಬರುತ್ತದೆ. ಅದೇ ಎಚ್-ಆಲ್ಫಾ. 7 ನ್ಯಾನೋಮೀಟರ್ ಫಿಲ್ಟರ್, ಅಂದರೆ ಅಷ್ಟೇ ಅಗಲದ ಬೆಳಕಿನ ಪಟ್ಟಿಯನ್ನು ಬಿಡುವ ಫಿಲ್ಟರ್, ಈ ಗೆರೆಯನ್ನು ಹೆಚ್ಚುಕಡಿಮೆ ಪೂರ್ತಿ ಒಳಗೆ ಬಿಡುತ್ತದೆ. 400ರಿಂದ 700 ನ್ಯಾನೋಮೀಟರ್‌ವರೆಗೆ ಹರಡಿರುವ ಬೆಳದಿಂಗಳಲ್ಲಿ ಮಾತ್ರ ಸುಮಾರು 40ರಲ್ಲಿ ಒಂದು ಪಾಲು ಒಳಗೆ ಬರುತ್ತದೆ, ಅಷ್ಟೇ. 3 ನ್ಯಾನೋಮೀಟರ್ ಆದರೆ 100ರಲ್ಲಿ ಒಂದು.

ಕೃತ್ತಿಕೆಯ ಸುತ್ತ ಕಾಣುವ ನೀಲಿ ಮಬ್ಬು ಬೇರೆ ಜಾತಿಯದು. ಅದು ನಕ್ಷತ್ರದ ಬೆಳಕನ್ನು ಚದುರಿಸುವ ದೂಳು. ಅಲ್ಲಿ ಫಿಲ್ಟರ್ ಹಾಕಿದರೆ ಬೆಳದಿಂಗಳ ಜೊತೆ ಆ ನೀಲಿಯೂ ಹೋಗುತ್ತದೆ. ಗ್ಯಾಲಕ್ಸಿಗಳ ಕತೆಯೂ ಇದೇ. ಇವನ್ನು ಅಮಾವಾಸ್ಯೆಗೆ ಇಟ್ಟುಕೊಳ್ಳಿ.

ಕಲರ್ ಕ್ಯಾಮೆರಾಗೆ ನನ್ನ ಸಲಹೆ ಡ್ಯುಯಲ್ ಬ್ಯಾಂಡ್ ಫಿಲ್ಟರ್. ಅದು ಎಚ್-ಆಲ್ಫಾ ಜೊತೆಗೆ 500.7 ನ್ಯಾನೋಮೀಟರ್‌ನ ಆಮ್ಲಜನಕದ ಗೆರೆಯನ್ನೂ ಬಿಡುತ್ತದೆ. ಬೆಳದಿಂಗಳಲ್ಲಿ ತೆಗೆದ ಒಂದು ಫ್ರೇಮಿನ ಬಣ್ಣಗಳನ್ನು ಬೇರೆ ಮಾಡಿ ನೋಡಿ. ಕೆಂಪಿನಲ್ಲಿ ರೋಸೆಟ್‌ನ ದಳಗಳು, ನಡುವಿನ ಕಪ್ಪು ದೂಳಿನ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಹಸಿರು, ನೀಲಿಯಲ್ಲಿ ಚಂದ್ರ ಇರುವ ಕಡೆಯ ಮೂಲೆ ಬೆಳ್ಳಗಾಗಿ, ನೀಹಾರಿಕೆ ಅದರಲ್ಲಿ ಕರಗಿಹೋಗಿರುತ್ತದೆ. ಹಗಲು ಆಕಾಶ ನೀಲಿಯಾಗಿರುವುದಕ್ಕೆ ಏನು ಕಾರಣವೋ ಇದಕ್ಕೂ ಅದೇ ಕಾರಣ. ಗಾಳಿ ನೀಲಿ ಕಡೆಯ ಬೆಳಕನ್ನೇ ಜಾಸ್ತಿ ಚದುರಿಸುತ್ತದೆ. ಹಾಗಾಗಿ ಬೆಳದಿಂಗಳ ರಾತ್ರಿಗಳಲ್ಲಿ ಎಚ್-ಆಲ್ಫಾ ಕೂಡಿಸಿಕೊಳ್ಳಿ, ಆಮ್ಲಜನಕದ ಗೆರೆಯನ್ನು ಕತ್ತಲ ರಾತ್ರಿಗಳಲ್ಲಿ ತೆಗೆದು ಸೇರಿಸಿ. ಎರಡನ್ನೂ ಬೇರ್ಪಡಿಸಲು ಸಿರಿಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲೇ ಸ್ಕ್ರಿಪ್ಟ್ ಇದೆ.

ಇನ್ನು ಚಂದ್ರನಿಂದ ಎಷ್ಟು ದೂರ ಇರಬೇಕು? 60 ಡಿಗ್ರಿಗಿಂತ ಜಾಸ್ತಿ ಇದ್ದರೆ ನೆಮ್ಮದಿ. ಇದಕ್ಕೆ ನಮ್ಮ ಪಂಚಾಂಗವೇ ಸಾಕು, ಮೊಬೈಲ್ ಆ್ಯಪ್ ತೆರೆಯಬೇಕಾಗಿಲ್ಲ. ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಅದರ ಹೆಸರೇ ತಿಂಗಳಿಗೆ. ಮಾರ್ಗಶಿರ ಹುಣ್ಣಿಮೆಯಲ್ಲಿ ಚಂದ್ರ ಮೃಗಶಿರದ ಬಳಿ, ಅಂದರೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ತಲೆಯ ಹತ್ತಿರ ಇರುತ್ತಾನೆ. ಆಗ ರೋಸೆಟ್ ಅವನಿಂದ 20–30 ಡಿಗ್ರಿ ದೂರದಲ್ಲಷ್ಟೇ. ಬೇಡ, ಬಿಟ್ಟುಬಿಡಿ. ಫಾಲ್ಗುಣ ಹುಣ್ಣಿಮೆಯಲ್ಲಿ ಚಂದ್ರ ಸಿಂಹ ರಾಶಿಗೆ ಸರಿದಿರುತ್ತಾನೆ. ಆಗ 70–80 ಡಿಗ್ರಿ ಅಂತರ ಸಿಗುತ್ತದೆ. ಬೆಂಗಳೂರಿನ ಟೆರೇಸಿನಿಂದ ನೋಡಿದರೆ ಕತ್ತಲಾಗುವಾಗಲೇ ರೋಸೆಟ್ ನೆತ್ತಿಯ ಹತ್ತಿರ ಇರುತ್ತದೆ, ಚಂದ್ರ ಆಗಷ್ಟೇ ಪೂರ್ವದಲ್ಲಿ ಹುಟ್ಟಿರುತ್ತಾನೆ. ಮಳೆಗಾಲ ಕಳೆದು ನಮಗೆ ಸಿಗುವುದೇ ಕೆಲವು ತಿಂಗಳ ಒಳ್ಳೆಯ ಆಕಾಶ. ಅದರಲ್ಲಿ ಅರ್ಧವನ್ನು ಚಂದ್ರನಿದ್ದಾನೆ ಅಂತ ಸುಮ್ನೆ ಬಿಡಬೇಡಿ.

ಫೋಕಸ್ ಮಾತ್ರ ಫಿಲ್ಟರ್ ಹಾಕಿದ ಮೇಲೆಯೇ ಮಾಡಿ. ಲೈವ್ ವ್ಯೂನಲ್ಲಿ ಚಿಕ್ಕ ನಕ್ಷತ್ರಗಳು ಕಾಣುವುದಿಲ್ಲ, ತುಂಬಾ ಹೊಳೆಯುವ ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಹಿಡಿಯಿರಿ. ಚಂದ್ರನ ಬೆಳಕು ಓರೆಯಾಗಿ ಲೆನ್ಸಿಗೆ ಬೀಳದಂತೆ ಹುಡ್ ಹಾಕಿ.

ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ನಿಮ್ಮದು ಮಾಡಿಫೈ ಮಾಡದ ಡಿಎಸ್‌ಎಲ್‌ಆರ್ ಆಗಿದ್ದರೆ ಸೆನ್ಸರಿನ ಮುಂದಿರುವ ಗಾಜೇ ಎಚ್-ಆಲ್ಫಾದ ಬಹುಪಾಲನ್ನು ತಡೆಯುತ್ತದೆ. ಆಗ ಮೊದಲ ಖರ್ಚು ಆ ಗಾಜು ತೆಗೆಸುವುದಕ್ಕೇ ಆಗಲಿ. ಎಫ್/2ರಂಥ ವೇಗದ (ಬೆಳಕಿಗೆ ಬಾಯಿ ಅಗಲ ತೆರೆಯುವ) ಲೆನ್ಸ್ ಇದ್ದರೆ 3 ನ್ಯಾನೋಮೀಟರ್ ಫಿಲ್ಟರಿಗೆ ಆಸೆಪಡಬೇಡಿ. ಬೆಳಕು ಓರೆಯಾಗಿ ಹಾದಾಗ ಫಿಲ್ಟರಿನ ಕಿಂಡಿ ನೀಲಿ ಕಡೆಗೆ ಸರಿಯುತ್ತದೆ, ಬೇಕಾದ ಗೆರೆಯೇ ಹೊರಗೆ ಉಳಿಯಬಹುದು. ಅಂಥ ಲೆನ್ಸಿಗೆ 7 ನ್ಯಾನೋಮೀಟರ್ ಅಥವಾ ವೇಗದ ಲೆನ್ಸುಗಳಿಗೆಂದೇ ಮಾಡಿದ ಫಿಲ್ಟರ್ ತಗೊಳ್ಳಿ.