ಡಿಶ್‌ವಾಷರ್‌ನಲ್ಲಿ ತೊಳೆದ ಗ್ಲಾಸುಗಳ ಮೇಲೆ ಬಿಳಿ ಪುಡಿ ಕೂರುತ್ತಿದೆ. ರಿಪೇರಿ ಮಾಡಿಸಲಾ, ಹೊಸದೇ ತಗೊಳ್ಳಲಾ?

ಎರಡೂ ಬೇಡ. ಸದ್ಯಕ್ಕಂತೂ ಬೇಡ.

ನಾಲ್ಕು ವರ್ಷದ ಮೆಷಿನ್, ಗ್ಲಾಸೆಲ್ಲ ಮಬ್ಬು, ತಟ್ಟೆ ಮುಟ್ಟಿದರೆ ಒರಟು, ಡಿಟರ್ಜೆಂಟ್ ಬದಲಾಯಿಸಿದರೂ ಅದೇ ಹಾಡು. ಇಷ್ಟು ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ಸಾಲ್ಟ್ ಲೈಟ್, ಅಂದರೆ ಮೆಷಿನ್‌ನಲ್ಲಿ ಉಪ್ಪು ಖಾಲಿ ಅಂತ ತೋರಿಸುವ ದೀಪ, ಯಾವಾಗಲೂ ಉರಿಯುತ್ತಿರುತ್ತದೆ, ಆದರೆ ಆಲ್ ಇನ್ ಒನ್ ಟ್ಯಾಬ್ಲೆಟ್ ಹಾಕುವುದರಿಂದ ಉಪ್ಪು ಬೇಕಾಗಿಲ್ಲ ಅಂತ. ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಓಡಾಡಿದವನು.

ನನ್ನ ಟ್ಯಾಬ್ಲೆಟ್ ಪ್ಯಾಕೆಟ್ ಮೇಲೂ ದೊಡ್ಡದಾಗಿ ಬರೆದಿತ್ತು, ಉಪ್ಪು, ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಒಣಗಲು ಹಾಕುವ ದ್ರವ) ಎಲ್ಲ ಇದರಲ್ಲೇ ಇದೆ ಅಂತ. ಹಾಗಾಗಿ ಮೆಷಿನ್ ತಳದಲ್ಲಿರುವ ಉಪ್ಪಿನ ಡಬ್ಬಿಯ ಮುಚ್ಚಳ ತೆರೆಯುವ ಗೋಜಿಗೇ ಹೋಗಲಿಲ್ಲ. ಆದರೆ ಪ್ಯಾನೆಲ್ ಮೇಲಿನ ಆ ಕೆಂಪು ದೀಪ ಬಿಡಬೇಕಲ್ಲ? ಪ್ರತಿ ಸಲ ಆನ್ ಮಾಡಿದಾಗಲೂ ಕಣ್ಣಿಗೆ ಹೊಡೆಯುತ್ತಿತ್ತು. ಮ್ಯಾನುಯಲ್ ತೆಗೆದು ಹುಡುಕಿದೆ. ನೀರಿನ ಗಡಸುತನಕ್ಕೆ ಒಂದು ಸೆಟ್ಟಿಂಗ್ ಇದೆ, ಅದನ್ನು ಸೊನ್ನೆಗೆ ಇಳಿಸಿದರೆ ದೀಪ ಆರುತ್ತದೆ ಅಂತ ಗೊತ್ತಾಯಿತು. ಇಳಿಸಿದೆ. ಆರಿತು. ದೊಡ್ಡ ಸಾಧನೆ ಮಾಡಿದವನ ಹಾಗೆ ಮ್ಯಾನುಯಲ್ ವಾಪಸ್ ಡ್ರಾಯರ್‌ಗೆ ಹಾಕಿದೆ.

ಆಗ ನಾನು ನಿಜವಾಗಿ ಏನು ಮಾಡಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆಷಿನ್ ಒಳಗೆ ನೀರು ಬರುವ ದಾರಿಯಲ್ಲಿ ಸಣ್ಣ ಸಣ್ಣ ರೆಸಿನ್ ಗುಂಡುಗಳು ತುಂಬಿದ ಒಂದು ಗೂಡು ಇರುತ್ತದೆ. ಅದೇ ಸಾಫ್ಟ್‌ನರ್. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಆ ಗುಂಡುಗಳು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಒಂದಷ್ಟು ಸಲ ತೊಳೆದ ಮೇಲೆ ಅವುಗಳ ಹೊಟ್ಟೆ ತುಂಬುತ್ತದೆ. ಆಗ ಮೆಷಿನ್ ಉಪ್ಪಿನ ಡಬ್ಬಿಯಿಂದ ಗಟ್ಟಿ ಉಪ್ಪುನೀರು ಹರಿಸಿ, ಹಿಡಿದಿದ್ದನ್ನೆಲ್ಲ ಬಿಡಿಸಿ ಡ್ರೈನ್‌ಗೆ ಕಳಿಸುತ್ತದೆ. ಅಂದರೆ ಉಪ್ಪು ಇರುವುದು ಪಾತ್ರೆ ತೊಳೆಯುವುದಕ್ಕಲ್ಲ, ಸಾಫ್ಟ್‌ನರ್ ತೊಳೆಯುವುದಕ್ಕೆ. ಟ್ಯಾಬ್ಲೆಟ್ ಬೀಳುವುದು ಬಾಗಿಲಿನಲ್ಲಿರುವ ಡಬ್ಬಿಯಿಂದ, ಪಾತ್ರೆಗಳ ಕಡೆಗೆ. ಅದರೊಳಗೆ ಏನೇ ಇರಲಿ, ಆ ಗುಂಡುಗಳನ್ನು ಅದು ತೊಳೆಯುವುದಿಲ್ಲ. ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಸುಣ್ಣವಾಗಿ ಪಾತ್ರೆಗೆ ಅಂಟದ ಹಾಗೆ ನೀರಿನಲ್ಲೇ ಹಿಡಿದಿಡುವ ಪದಾರ್ಥ ಅದರಲ್ಲಿರುತ್ತದೆ, ಅಷ್ಟೇ. ನೀರು ತೀರಾ ಗಡಸಾದರೆ ಅದರ ಆಟ ನಡೆಯುವುದಿಲ್ಲ. ಅನೇಕ ಟ್ಯಾಬ್ಲೆಟ್‌ಗಳಿಗೆ ಮಿತಿ 21 ಜರ್ಮನ್ ಡಿಗ್ರಿ (ನೀರಿನ ಗಡಸುತನ ಅಳೆಯುವ ಒಂದು ಮಾನ), ಅಂದರೆ ಲೀಟರಿಗೆ ಸುಮಾರು 375 ಮಿಲಿಗ್ರಾಂ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ನೋಡಿ.

ಈಗ ಸೆಟ್ಟಿಂಗ್ ಸೊನ್ನೆ ಮಾಡಿದ ವಿಷಯ. ನಾನು ಆರಿಸಿದ್ದು ದೀಪವನ್ನು ಮಾತ್ರ ಅಂದುಕೊಂಡಿದ್ದೆ. ಅಲ್ಲ. ನಮ್ಮ ನೀರು ಮೆದು, ನೀನು ಸುಮ್ನಿರು ಅಂತ ಮೆಷಿನ್‌ಗೇ ಹೇಳಿದ ಹಾಗಾಯಿತು. ಅದು ಗುಂಡುಗಳನ್ನು ತೊಳೆಯುವ ಕೆಲಸವನ್ನೇ ನಿಲ್ಲಿಸಿತು. ದೀಪ ಉರಿಯುತ್ತಲೇ ಇದ್ದಿದ್ದರೆ ಯಾವತ್ತೋ ಒಂದು ದಿನ ಬೇಸತ್ತು ಉಪ್ಪು ಹಾಕುತ್ತಿದ್ದೆನೇನೋ. ಆ ದಾರಿಯನ್ನೂ ನಾನೇ ಮುಚ್ಚಿದೆ.

ಮೊದಲು ಗ್ಲಾಸು ಮಬ್ಬಾಯಿತು. ಡಿಟರ್ಜೆಂಟ್ ಸಾಲುತ್ತಿಲ್ಲ ಅಂತ ಜಾಸ್ತಿ ಹಾಕಿದೆ, ಇನ್ನಷ್ಟು ಬಿಳಿಯಾಯಿತು. ಆಮೇಲೆ ಮೇಲಿನ ರ‍್ಯಾಕಿನಲ್ಲಿ ಇಟ್ಟದ್ದು ಸರಿಯಾಗಿ ತೊಳೆಯುವುದೇ ನಿಂತಿತು. ನೀರು ಚಿಮ್ಮಿಸುತ್ತಾ ತಿರುಗುವ ಸ್ಪ್ರೇ ಆರ್ಮ್ ಬಿಚ್ಚಿ ಅಲುಗಾಡಿಸಿದರೆ ಒಳಗೆ ಮರಳು ಉರುಳಿದ ಸದ್ದು. ತೂತುಗಳ ಅಂಚಿನಲ್ಲಿ ಬಿಳಿ ಉಂಗುರದ ಹಾಗೆ ಸುಣ್ಣ ಕಟ್ಟಿತ್ತು, ಕೆಲವು ಪೂರ್ತಿ ಮುಚ್ಚಿಹೋಗಿದ್ದವು. ಟೂತ್‌ಪಿಕ್‌ನಿಂದ ಚುಚ್ಚಿ ತೆಗೆದು ಖುಷಿಪಟ್ಟೆ. ತೂತಿನಲ್ಲೇ ಇಷ್ಟು ಕಟ್ಟಿದೆ ಅಂದರೆ ಬಿಸಿಯಾಗುವ ಜಾಗದಲ್ಲಿ ಎಷ್ಟಿರಬಹುದು ಅಂತ ತಲೆಗೆ ಹೊಳೆಯಲೇ ಇಲ್ಲ ನೋಡಿ. ಸುಣ್ಣ ಮೊದಲು ಕೂರುವುದೇ ಬಿಸಿ ಜಾಸ್ತಿ ಇರುವ ಕಡೆ. ಹೀಟರ್ ಮೇಲೆ ಪದರ ಕಟ್ಟಿದರೆ ಬಿಸಿ ನೀರಿಗೆ ದಾಟುವುದಿಲ್ಲ, ಹೀಟರ್ ಒಳಗೊಳಗೇ ಸುಡುತ್ತದೆ. ತೊಳೆಯುವ ಸಮಯ ಉದ್ದವಾಗುತ್ತಾ ಹೋಯಿತು, ಕೊನೆಗೊಂದು ದಿನ ಬಾಗಿಲು ತೆರೆದರೆ ಪಾತ್ರೆಗಳು ತಣ್ಣಗೆ, ಜಿಡ್ಡು ಹಾಗೇ, ಟ್ಯಾಬ್ಲೆಟ್ ಅರ್ಧ ಕರಗಿ ಬಿದ್ದಿತ್ತು.

ಟೆಕ್ನಿಷಿಯನ್ ಬಂದು ಬಿಚ್ಚಿದ. ಈಗಿನ ಬಹಳಷ್ಟು ಮೆಷಿನ್‌ಗಳಲ್ಲಿ ಹೀಟರ್ ಬೇರೆ ಇರುವುದಿಲ್ಲ, ನೀರು ತಿರುಗಿಸುವ ಪಂಪಿನ ಜೊತೆಗೇ ಸೇರಿಕೊಂಡಿರುತ್ತದೆ. ಹೀಟರ್ ಹೋದರೆ ಇಡೀ ಪಂಪ್ ಬದಲಾಯಿಸಬೇಕು. ಹಳೇ ಮೆಷಿನ್‌ಗೆ ಅದು ಮೂಗಿಗಿಂತ ಮೂಗುತಿ ಭಾರ. ಅಲ್ಲಿಗೆ ಅದರ ಕಥೆ ಮುಗಿಯಿತು.

ಅದಕ್ಕೇ ಹೇಳುವುದು, ರಿಪೇರಿಯಾ ಹೊಸದಾ ಅನ್ನುವ ಪ್ರಶ್ನೆಯೇ ತಪ್ಪು. ನಿಮ್ಮ ಮೆಷಿನ್ ಇನ್ನೂ ಬಿಸಿಯಾಗುತ್ತಿದೆ, ನೀರು ಹೊರಹಾಕುತ್ತಿದೆ ಅಂದರೆ ಅದು ಕೆಟ್ಟಿಲ್ಲ. ನೀರು ಗಡಸು. ಹೊಸ ಮೆಷಿನ್ ತಂದು ಅದೇ ನಲ್ಲಿಗೆ ಜೋಡಿಸಿ ಅದೇ ಟ್ಯಾಬ್ಲೆಟ್ ಹಾಕಿದರೆ ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ.

ಮೊದಲು ಒಂದು ಮಬ್ಬಾದ ಗ್ಲಾಸು ತಗೊಂಡು ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ. ಮಬ್ಬು ಹೋದರೆ ಸುಣ್ಣ. ಎಷ್ಟು ಉಜ್ಜಿದರೂ ಹೋಗದೆ, ಬೆಳಕಿಗೆ ಹಿಡಿದಾಗ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜೇ ಸವೆದಿದೆ ಅಂತ ಅರ್ಥ, ಆ ಗ್ಲಾಸು ಇನ್ನು ಸರಿಹೋಗುವುದಿಲ್ಲ. ಇನ್ನೊಂದು ಸಾಧ್ಯತೆ, ಆ ಬಿಳಿಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪುಪ್ಪು ಅನಿಸುವುದು. ಡಬ್ಬಿಯಲ್ಲಿ ಉಪ್ಪು ಇದ್ದು ಮುಚ್ಚಳ ಸಡಿಲವಾದರೆ ಹಾಗಾಗುತ್ತದೆ. ನಿಮ್ಮ ಡಬ್ಬಿ ಖಾಲಿ, ಹಾಗಾಗಿ ಅದು ಸದ್ಯಕ್ಕೆ ನಿಮ್ಮ ತಲೆನೋವಲ್ಲ.

ಆಮೇಲೆ ನೀರಿನ ಗಡಸುತನ ಅಳೆಯಿರಿ, ಅದಕ್ಕೆ ಕಾಗದದ ಪಟ್ಟಿಗಳು ಸಿಗುತ್ತವೆ. ಟಿಡಿಎಸ್ ಪೆನ್ನು ಅದ್ದಿ ನೋಡಿದರೆ ಸಾಲದು. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ್ದೆಲ್ಲದರ ಲೆಕ್ಕ, ನಮಗೆ ಬೇಕಾದದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ. ಮ್ಯಾನುಯಲ್‌ನಲ್ಲಿ ಜರ್ಮನ್ ಡಿಗ್ರಿ ಕೊಟ್ಟಿದ್ದರೆ, ಲೀಟರಿಗೆ ಎಷ್ಟು ಮಿಲಿಗ್ರಾಂ ಬಂತೋ ಅದನ್ನು 17.8ರಿಂದ ಭಾಗಿಸಿ. ಆ ಅಂಕಿಗೆ ಮ್ಯಾನುಯಲ್ ಹೇಳುವ ಸೆಟ್ಟಿಂಗನ್ನೇ ಇಡಿ, ಅಂದಾಜಿಗೆ ಬೇಡ.

ಉಪ್ಪು ಡಿಶ್‌ವಾಷರ್‌ನದ್ದೇ ದಪ್ಪ ಹರಳು ಆಗಬೇಕು. ಅಡುಗೆ ಪುಡಿ ಉಪ್ಪು ಗಟ್ಟಿಕಟ್ಟುತ್ತದೆ, ಅದರಲ್ಲಿ ಬೆರೆಸಿರುವ ಬೇರೆ ಪುಡಿಗಳು ಗುಂಡುಗಳಿಗೆ ಒಳ್ಳೆಯದಲ್ಲ. ನಿಮ್ಮ ಡಬ್ಬಿಗೆ ಯಾವತ್ತೂ ಉಪ್ಪು ಹಾಕಿಲ್ಲ ಅಂದರೆ ಮೊದಲ ಸಲ ಮಾತ್ರ ನೀರು ತುಂಬಿ, ಆಮೇಲೆ ಉಪ್ಪು. ಉಪ್ಪುನೀರು ಹೊರಗೆ ಚೆಲ್ಲುತ್ತದೆ, ಹೆದರಬೇಡಿ, ಆದರೆ ತಕ್ಷಣ ಒಂದು ಸಲ ಮೆಷಿನ್ ಓಡಿಸಿ. ಹಾಗೇ ಬಿಟ್ಟರೆ ಸ್ಟೀಲ್‌ಗೂ ತುಕ್ಕು ಹಿಡಿಯುತ್ತದೆ. ಮರೆತೂ ಡಿಟರ್ಜೆಂಟ್ ಅನ್ನು ಆ ಡಬ್ಬಿಗೆ ಸುರಿಯಬೇಡಿ, ಸಾಫ್ಟ್‌ನರ್ ಅಲ್ಲಿಗೇ ಹಾಳು.

ಈಗಾಗಲೇ ಕಟ್ಟಿರುವ ಸುಣ್ಣಕ್ಕೆ ಸುಮಾರು 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ತಳಕ್ಕೆ ಹಾಕಿ, ಪಾತ್ರೆ ಇಲ್ಲದೆ, ಡಿಟರ್ಜೆಂಟ್ ಇಲ್ಲದೆ ಬಿಸಿ ಪ್ರೋಗ್ರಾಮ್ ಓಡಿಸಿ. ಬಣ್ಣಬಣ್ಣದ ಬಾಟಲಿ ಕ್ಲೀನರ್‌ಗಳಿಗೆ ನಾನಂತೂ ಕಾಸು ಹಾಕುವುದಿಲ್ಲ. ಬ್ಲೀಚ್ ಮಾತ್ರ ಆಸಿಡ್ ಹತ್ತಿರಕ್ಕೂ ತರಬೇಡಿ. ಅದು ಮುಗಿದ ಮೇಲೆ ಸ್ಪ್ರೇ ಆರ್ಮ್ ಬಿಚ್ಚಿ ತೂತು ನೋಡಿ, ಫಿಲ್ಟರ್ ತೆಗೆದು ನಲ್ಲಿ ಕೆಳಗೆ ಬ್ರಶ್‌ನಿಂದ ಉಜ್ಜಿ. ಫಿಲ್ಟರ್ ಕೆಳಗಿನ ಗುಂಡಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ಅಲ್ಲಿ ಒಡೆದ ಗಾಜಿನ ಚೂರು ಇರುತ್ತದೆ, ಬರಿಗೈ ಬೇಡ.

ಪಾತ್ರೆ ಹಾಕುವ ಮುಂಚೆ ನಲ್ಲಿಯಲ್ಲಿ ಚೆನ್ನಾಗಿ ತೊಳೆದೇ ಹಾಕುತ್ತೇನೆ ಅಂತಲೂ ಬರೆದಿದ್ದೀರಿ. ಅದನ್ನು ಬಿಡಿ. ಉಳಿದದ್ದನ್ನು ಕೆರೆದು ಕಸಕ್ಕೆ ಹಾಕಿದರೆ ಸಾಕು. ನೀರು ಎಷ್ಟು ಕೊಳೆಯಾಗಿದೆ ಅಂತ ನೋಡುವ ಸೆನ್ಸರ್ ಇರುವ ಮೆಷಿನ್ ಆದರೆ, ಆಟೋ ಪ್ರೋಗ್ರಾಮ್‌ನಲ್ಲಿ ತಿಳಿನೀರು ಕಂಡು ಕೆಲಸ ಬೇಗ ಮುಗಿಸಿಬಿಡುತ್ತದೆ. ಎರಡೆರಡು ಸಲ ತೊಳೆಯುವುದಾದರೆ ಮೆಷಿನ್ ಯಾಕೆ ಬೇಕು?

ಇಷ್ಟೆಲ್ಲ ಮಾಡಿಯೂ ಹೊಸದೇ ಬೇಕು ಅನಿಸಿದರೆ, ಅಂಗಡಿಯಲ್ಲಿ ಬಾಗಿಲು ತೆರೆದು ಕೆಳಗಿನ ರ‍್ಯಾಕ್ ಹೊರಗೆಳೆದು ತಳ ನೋಡಿ. ಉಪ್ಪಿನ ಮುಚ್ಚಳ ಇಲ್ಲದ, ಅಂದರೆ ಸಾಫ್ಟ್‌ನರ್ರೇ ಇಲ್ಲದ ಮಾಡೆಲ್‌ಗಳೂ ಇವೆ. ನೀರು ಗಡಸು ಅಂತ ಪಟ್ಟಿ ತೋರಿಸಿದ್ದರೆ ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.