ಸಂಗೀತ ಕ್ಲಾಸಿಗೆ ಗ್ರಾಂಟ್ ಎಲ್ಲಿ ಸಿಗುತ್ತೆ ಸಾರ್?

ಪ್ರಶ್ನೆ: ಸಾರ್ ನಮಸ್ಕಾರ, ಮದ್ದೂರಿನ ಹತ್ರ ನಮ್ಮೂರಲ್ಲಿ ನಾಲ್ಕು ವರ್ಷದಿಂದ ಶನಿವಾರ ಭಾನುವಾರ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಿದೀನಿ, ಈಗ 28 ಮಕ್ಕಳವ್ರೆ, ಫೀಸು ಏನೂ ತಗೊಳಲ್ಲ. ಇರೋದು ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಅದ್ರಲ್ಲೂ ಎಡಗೈಲಿ ಬಾರಿಸೋ ಡಗ್ಗಾ ಹರ್ದು ಮೂರು ತಿಂಗಳಾಯ್ತು. ಗ್ರಾಂಟ್‌ಗೆ ಯಾರನ್ನ ಕೇಳ್ಬೇಕು? ಒಬ್ರು ಏಜೆಂಟು ಹತ್ತು ಪರ್ಸೆಂಟ್ ಕೊಟ್ರೆ ಮಾಡಿಸ್ಕೊಡ್ತೀನಿ ಅಂತಾವ್ರೆ.

ಉತ್ತರ: ಮೇಷ್ಟ್ರೇ, ಮೊದ್ಲು ಆ ಏಜೆಂಟಿಗೆ ಕೈ ಮುಗ್ದು ಕಳ್ಸಿಬಿಡಿ.

ಇಷ್ಟೆಲ್ಲಾ ಬರ್ದಿದೀರಿ, ಆದ್ರೆ ಸಂಘನೋ ಟ್ರಸ್ಟೋ ರಿಜಿಸ್ಟರ್ ಮಾಡ್ಸಿದೀರಾ ಅನ್ನೋದೇ ಇಲ್ಲ. ಕ್ಲಾಸ್ ನಡ್ಸಕ್ಕೆ ಅಂತ ಕೊಡೋ ದುಡ್ಡು ಹೆಚ್ಚಾಗಿ ಸಂಸ್ಥೆ ಹೆಸ್ರಿಗೇ ಬರೋದು. ಮಕ್ಕಳ ಹೆಸ್ರಿಗೆ ಬರೋ ದುಡ್ಡು ಬೇರೆ, ಅದಕ್ಕೆ ಸಂಸ್ಥೆ ಬೇಕಿಲ್ಲ, ಹಂಗಾಗಿ ಅಲ್ಲಿಂದ್ಲೇ ಶುರು ಮಾಡಿ. ಕೇಂದ್ರ ಸರ್ಕಾರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಅಂತ ಇದೆ, ಅವ್ರದ್ದು ಸಾಂಸ್ಕೃತಿಕ ಪ್ರತಿಭಾನ್ವೇಷಣೆ ಸ್ಕಾಲರ್‌ಶಿಪ್ ಇದೆ, 10ರಿಂದ 14 ವರ್ಷದ ಮಕ್ಕಳಿಗೆ, ವರ್ಷಕ್ಕೆ 3,600 ರೂಪಾಯಿ, ಅದ್ರ ಮೇಲೆ ಗುರುಗಳಿಗೆ ಕಟ್ಟಿದ ಫೀಸು 9,000ದವರೆಗೆ. ನೀವು ಫೀಸೇ ತಗೊಳಲ್ವಲ್ಲ, ಅದಕ್ಕೋಸ್ಕರ ಸುಳ್ಳು ರಸೀದಿ ಬರೆಯಕ್ಕೆ ಮಾತ್ರ ಹೋಗ್ಬೇಡಿ. ಅಪರೂಪದ ಕಲೆಗೆ ಅಲ್ಲಿ ಒತ್ತು ಜಾಸ್ತಿ, ನಿಮ್ಮ ಕಡೆ ಮೂಡಲಪಾಯ ಯಕ್ಷಗಾನದ ಪದ, ತತ್ವಪದ ಹಾಡೋ ಮಗು ಇದ್ರೆ ಮರೀದೆ ಅರ್ಜಿ ಹಾಕ್ಸಿ. 18 ದಾಟಿದ ಶಿಷ್ಯರಿದ್ರೆ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, 25 ವರ್ಷದವರೆಗೆ, ತಿಂಗಳಿಗೆ 5,000ದಂಗೆ ಎರಡು ವರ್ಷ.

ಈಗ ಸಂಘದ ವಿಚಾರ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡ್ಸಿ, ಬೈಲಾದಲ್ಲಿ "ಮಕ್ಕಳಿಗೆ ಸಂಗೀತ ಶಿಕ್ಷಣ" ಅಂತ ಬಿಡಿಸಿ ಬರೆಸ್ಕೊಳಿ. ಯಾಕ್ ಹೇಳ್ತೀನಿ ಅಂದ್ರೆ ಮೈಸೂರಲ್ಲಿ ನಮ್ಮದೇ ತಂಡದ ಅರ್ಜಿ ಒಂದ್ಸಲ ವಾಪಸ್ ಬಂತು, ನೋಡಿದ್ರೆ ಬೈಲಾ ಪೂರ್ತಿ ಸಮಾಜಸೇವೆ ಸಮಾಜಸೇವೆ ಅಂತಲೇ ಇದೆ, ಸಂಗೀತ ಅನ್ನೋ ಪದನೇ ಇಲ್ಲ, ಬರೆದೋನು ನಾನೇ! ಆಮೇಲೆ ಪ್ಯಾನು, ಸಂಘದ ಹೆಸ್ರಲ್ಲಿ ಬ್ಯಾಂಕ್ ಅಕೌಂಟು, ವರ್ಷ ವರ್ಷ ಆಡಿಟ್, ಇನ್‌ಕಮ್ ಟ್ಯಾಕ್ಸಿನವ್ರ 12ಎ, 80ಜಿ ನೋಂದಣಿ, ಸಂಘ ಸಂಸ್ಥೆಗಳಿಗೆ ಅಂತಿರೋ ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲ್‌ನ ನಂಬರು. ಬೇಜಾರಿನ ಕೆಲ್ಸನೇ, ಆದ್ರೆ ಇದಿಲ್ದೆ ಮುಂದಕ್ಕೆ ಹೋಗಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿ ಅರ್ಜಿ ಕರೀತಾರೆ, ಮಂಡ್ಯದ ಜಿಲ್ಲಾ ಆಫೀಸಲ್ಲಿ ಆಗಾಗ ವಿಚಾರಿಸ್ತಿರಿ, ಡೇಟು ಮುಗಿದ್ಮೇಲೆ ಎಷ್ಟು ಬೇಡ್ಕೊಂಡ್ರೂ ಆಗಲ್ಲ.

ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡೋ ದುಡ್ಡು, ಅಂತ ಎಲ್ರೂ ಮೊದ್ಲು ಅಲ್ಲಿಗೇ ಓಡ್ತಾರೆ, ನಂಗೆ ಅದು ಕಡೇ ಮೆಟ್ಲು. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಖರ್ಚು ಮಾಡ್ಬೇಕು ನಿಜ, ಶಿಕ್ಷಣನೂ ಸಾಂಪ್ರದಾಯಿಕ ಕಲೆನೂ ಅದ್ರ ಪಟ್ಟಿಲಿ ಇವೆ, ಆದ್ರೆ ಸಂಘಕ್ಕೆ ಅದೇ ಕೆಲ್ಸದಲ್ಲಿ ಮೂರು ವರ್ಷದ ಅನುಭವ ಇರ್ಬೇಕು, 2021ರ ಏಪ್ರಿಲ್‌ನಿಂದ ಸಂಘದವ್ರು ನೋಂದಣಿಗೆ ಸಿಎಸ್‌ಆರ್-1 ಅನ್ನೋ ಫಾರಂ ಬೇರೆ ತುಂಬ್ಬೇಕು. ಅದಾದ್ಮೇಲೆ ತೂಬಿನಕೆರೆ ಕಡೆ ಫ್ಯಾಕ್ಟರಿಗಳನ್ನ ಕೇಳಿ, ಸುತ್ತಮುತ್ತಲ ಊರಿಗೆ ಆದ್ಯತೆ ಕೊಡ್ಬೇಕು ಅಂತ ಕಾಯ್ದೆಲೇ ಇದೆ. ಕೇಳೋವಾಗ "ಕಲಾಸೇವೆ ಮಾಡ್ತಿದೀವಿ" ಅನ್ಬೇಡಿ, 28 ಮಕ್ಕಳು, ವಾರಕ್ಕೆ ಇಷ್ಟು ಗಂಟೆ, ಒಂದು ಮಗುಗೆ ವರ್ಷಕ್ಕೆ ಇಷ್ಟು ಖರ್ಚು ಅಂತ ಲೆಕ್ಕ ಇಡಿ. ಹಾಜರಿ ಪುಸ್ತಕ ಇವತ್ತಿಂದ್ಲೇ ಬರೀರಿ.

ಡಗ್ಗಾ ಮುಚ್ಚಿಗೆಗೆ ಗ್ರಾಂಟ್ ಕಾಯೋದು ಬೇಡ. ಊರಲ್ಲಿ ಗಣಪತಿ ಕೂರ್ಸೋ ಹುಡುಗ್ರನ್ನ ಕೇಳಿ, ಆರ್ಕೆಸ್ಟ್ರಾಗೆ ಎತ್ತೋ ಚಂದಾದಲ್ಲಿ ಒಂದು ಪಾಲು ಕೊಡ್ಲಿ, ಬದ್ಲಿಗೆ ನಿಮ್ಮ ಮಕ್ಕಳು ಪೆಂಡಾಲಲ್ಲಿ ಒಂದು ಗಂಟೆ ಹಾಡ್ಲಿ. ಫೋಟೋ ತೆಗ್ಸಿ ಫೈಲಿಗೆ ಹಾಕ್ಕೊಳಿ.