ಬಾಯಿ ಕ್ಯಾನ್ಸರ್‌ಗೆ ರೇಡಿಯೇಶನ್ ಎಲ್ಲಿಗೆ ಕೊಡಬೇಕು ಅಂತ ಕಂಪ್ಯೂಟರೇ ತೀರ್ಮಾನ ಮಾಡುತ್ತಾ?

ಇಲ್ಲ. ಕಂಪ್ಯೂಟರ್ ಗೆರೆ ಎಳೆದುಕೊಡುತ್ತದೆ, ತೀರ್ಮಾನ ಡಾಕ್ಟರದ್ದೇ.

ನಮ್ಮ ಕಲಬುರಗಿ ಕಡೆ ಜನ ‘ಕರೆಂಟ್ ಕೊಡೋದು’ ಅನ್ನುವ ಈ ಚಿಕಿತ್ಸೆಗೆ ಮೊದಲು ಸಿಟಿ ಸ್ಕ್ಯಾನ್ ಆಗುತ್ತದೆ. ಸುಮಾರು 3 ಮಿಲಿಮೀಟರ್‌ಗೆ ಒಂದರಂತೆ ಚಿತ್ರ ಸಿಗುತ್ತವೆ. ಗಡ್ಡೆ ಎಲ್ಲಿದೆ, ಕಾಪಾಡಬೇಕಾದ ಬೆನ್ನುಹುರಿ, ಜೊಲ್ಲು ಗ್ರಂಥಿ, ದವಡೆ ಮೂಳೆ ಎಲ್ಲಿವೆ ಅಂತ ಒಂದೊಂದು ಚಿತ್ರದ ಮೇಲೂ ಸುತ್ತ ಗೆರೆ ಎಳೆದು ಗುರುತು ಮಾಡಬೇಕು. ಕೈಯಿಂದ ಮಾಡಿದರೆ ಗಂಟೆಗಟ್ಟಲೆ ಹಿಡಿಯುತ್ತದೆ.

ಡಾಕ್ಟರುಗಳು ಗೆರೆ ಎಳೆದ ಹಳೇ ಸ್ಕ್ಯಾನ್‌ಗಳನ್ನು ಮಷೀನ್ ಲರ್ನಿಂಗ್ ಪ್ರೋಗ್ರಾಂಗೆ ಮೊದಲೇ ತೋರಿಸಿರುತ್ತಾರೆ. ಚಿತ್ರದ ಪ್ರತಿ ಚುಕ್ಕಿ ಎಷ್ಟು ಬೆಳ್ಳಗಿದೆ, ಅಕ್ಕಪಕ್ಕ ಏನಿದೆ ಅಂತ ನೋಡಿ, ಅದು ಯಾವ ಅಂಗದ್ದು ಎಂದು ಗುರುತಿಸಲು ಪ್ರೋಗ್ರಾಂ ಹೀಗೆ ಕಲಿಯುತ್ತದೆ. ಆಮೇಲೆ ಹೊಸ ಸ್ಕ್ಯಾನ್ ಕೊಟ್ಟರೆ ನಿಮಿಷಗಳಲ್ಲಿ ಗೆರೆ ಸಿದ್ಧ.

ಬೆನ್ನುಹುರಿ ಎಲ್ಲರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ ಅಲ್ವಾ, ಅಲ್ಲಿ ತಪ್ಪು ಕಮ್ಮಿ. ಗಡ್ಡೆ ಹಾಗಲ್ಲ, ಒಬ್ಬೊಬ್ಬರದ್ದು ಒಂದೊಂದು ಆಕಾರ. ಆಪರೇಷನ್ ಆಗಿದ್ದರೆ ಒಳಗಿನ ರಚನೆಯೇ ಬದಲಾಗಿರುತ್ತದೆ. ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ ಚಿತ್ರವೂ ಕೆಡುತ್ತದೆ. ಅದಕ್ಕೇ ಡಾಕ್ಟರು ಪ್ರತಿ ಗೆರೆ ನೋಡಿ ತಿದ್ದಲೇಬೇಕು, ಇದರಲ್ಲಿ ರಾಜಿ ಇಲ್ಲ. ಗೆರೆ ತಪ್ಪಿ ಜೊಲ್ಲು ಗ್ರಂಥಿಗೆ ಜಾಸ್ತಿ ಕಿರಣ ಬಿದ್ದರೆ ಬಾಯಿ ಒಣಗುತ್ತದೆ, ಆಮೇಲೆ ಜೋಳದ ರೊಟ್ಟಿ ನುಂಗೋದೂ ಕಷ್ಟ.